ಗೀಸರ್ ರಿಸೀವರ್ ‘ಟಕ್ ಟಕ್’ ಅಂತಿದ್ಯಾ? ಹೊಸ ಬಾಕ್ಸ್ ತರೋ ಮುಂಚೆ ಇದನ್ನ ನೋಡಿ

ರಾಜಾಜಿನಗರ: ಚಳಿಗಾಲದ ಬೆಳಗ್ಗೆ ಅಡುಗೆಮನೆಯಿಂದಲೇ ರಿಮೋಟ್ ಒತ್ತಿ ಗೀಸರ್ ಹಾಕೋ ಅಭ್ಯಾಸ ಈಗ ಎಷ್ಟೋ ಮನೆಗಳಲ್ಲಿದೆ. ಒಂದು ದಿನ ಇದ್ದಕ್ಕಿದ್ದಂತೆ ಅದು ಕೈಕೊಡುತ್ತೆ. ಬಚ್ಚಲುಮನೆ ಹೊರಗಿನ ಪುಟ್ಟ ಬಾಕ್ಸ್‌ನಿಂದ ಟಕ್ ಟಕ್ ಸದ್ದು ಬರುತ್ತೆ, ನೀರು ಮಾತ್ರ ತಣ್ಣಗೇ ಇರುತ್ತೆ. ರಿಪೇರಿಗೆ ಬಂದವರು ‘ಬೋರ್ಡ್ ಹೋಗಿದೆ, ಹೊಸದು ಹಾಕ್ಸಿ’ ಅಂತ ಹೇಳಿ ಹೋಗ್ತಾರೆ. ಆದರೆ ಎಷ್ಟೋ ಸಲ ಪೂರ್ತಿ ಬೋರ್ಡ್ ಹೋಗಿರಲ್ಲ. ಒಳಗಿರೋ ಒಂದೇ ಒಂದು ಕೆಪಾಸಿಟರ್ ಸೊರಗಿರುತ್ತೆ, ಅಷ್ಟೇ. ಅದರ ಬೆಲೆ ಒಂದು ಪ್ಲೇಟ್ ಇಡ್ಲಿ-ವಡೆಗಿಂತ ಕಡಿಮೆ.

ಯುರೋಪಿನ ಚಳಿ ದೇಶಗಳಲ್ಲಿ ಇಡೀ ಮನೆ ಬೆಚ್ಚಗಿಡೋಕೆ ಬಾಯ್ಲರ್ ಇರುತ್ತೆ. ಅದಕ್ಕೆ ವೈರ್‌ಲೆಸ್ ಥರ್ಮೋಸ್ಟಾಟ್, ಅದರ ಸಂದೇಶ ಹಿಡಿಯೋಕೆ ಒಂದು ರಿಸೀವರ್. ಅಲ್ಲಿನ ರಿಸೀವರ್‌ಗಳಿಗೂ ಬರೋದು ಇದೇ ಕಾಯಿಲೆ. ನಮ್ಮಲ್ಲಿ ಬಾಯ್ಲರ್ ಬದಲು ಗೀಸರ್ ಇದೆ, ಅಷ್ಟೇ ವ್ಯತ್ಯಾಸ. ರಿಮೋಟ್ ಕಳಿಸಿದ ರೇಡಿಯೋ ಸಂಕೇತವನ್ನ ರಿಸೀವರ್ ಹಿಡಿದು, ಒಳಗಿನ ರಿಲೇ ಅನ್ನೋ ಸ್ವಿಚ್ಚನ್ನ ಎಳೆಯುತ್ತೆ. ಆಗ ಗೀಸರ್‌ಗೆ ಕರೆಂಟ್ ಹೋಗುತ್ತೆ.

ಮೊದಲು ಬಾಕ್ಸ್ ಬಿಚ್ಚದೇ ನೋಡಬಹುದಾದ್ದನ್ನ ನೋಡಿ. ರಿಮೋಟ್ ತಗೊಂಡು ರಿಸೀವರ್ ಪಕ್ಕದಲ್ಲೇ ನಿಂತು ಒತ್ತಿ. ಹತ್ತಿರದಿಂದ ಕೆಲಸ ಮಾಡಿ ದೂರದಿಂದ ಮಾಡದಿದ್ರೆ ರಿಮೋಟಿನ ಸೆಲ್ ಬದಲಾಯಿಸಿ. ಗೀಸರ್‌ನ ಲೋಹದ ಟ್ಯಾಂಕ್ ಹಿಂದೆ ರಿಸೀವರ್ ಅಡಗಿ ಕೂತಿದ್ರೂ ಸಂಕೇತ ತಲುಪಲ್ಲ. ಪಕ್ಕದಲ್ಲೇ ನಿಂತು ಒತ್ತಿದರೂ ದೀಪ ಮಂಕಾಗಿ ಉರಿದರೆ, ಅಥವಾ ರಿಲೇ ಟಕ್ ಅಂತ ಎಳೆದು ತಕ್ಷಣ ಬಿಟ್ಟರೆ, ಅನುಮಾನ ಪವರ್ ಸಪ್ಲೈ ಮೇಲೆ.

ಕಡಿಮೆ ಬೆಲೆಯ ರಿಸೀವರ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ. 230 ವೋಲ್ಟ್ ಕರೆಂಟನ್ನ ಇಳಿಸೋದು ಒಂದು ಚೌಕನೆಯ ಕೆಪಾಸಿಟರ್. ಹಳದಿ ಅಥವಾ ನೀಲಿ ಬಣ್ಣದ್ದು, ಮೇಲೆ ‘ಎಕ್ಸ್2’ ಅಂತ ಬರೆದಿರುತ್ತೆ. 0.47 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ನಮ್ಮ 50 ಹರ್ಟ್ಸ್ ಲೈನಿನಲ್ಲಿ ಸುಮಾರು 33 ಮಿಲಿಆಂಪ್ ಕರೆಂಟ್ ಬಿಡುತ್ತೆ. 24 ವೋಲ್ಟ್‌ನ ಸಣ್ಣ ರಿಲೇಗೆ ಸಾಮಾನ್ಯವಾಗಿ 15ರಿಂದ 20 ಮಿಲಿಆಂಪ್ ಬೇಕು, ಉಳಿದದ್ದು ರೇಡಿಯೋ ಭಾಗಕ್ಕೆ. ಅಲ್ಲಿಗೆ ಲೆಕ್ಕ ಸರಿಹೋಯ್ತು.

ಆದರೆ ಈ ಕೆಪಾಸಿಟರ್ ಒಳಗಿರೋದು ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಲೋಹದ ಲೇಪನ. ಲೈನಿನಲ್ಲಿ ವೋಲ್ಟೇಜ್ ಜಿಗಿದಾಗಲೆಲ್ಲ ಆ ಲೇಪನದಲ್ಲಿ ಒಂದೊಂದು ಚುಕ್ಕೆ ಸುಟ್ಟುಹೋಗುತ್ತೆ. ಶಾರ್ಟ್ ಆಗಿ ಬೆಂಕಿ ಹತ್ತಬಾರದು ಅಂತಲೇ ಹಾಗೆ ಮಾಡಿರೋದು. ಬಚ್ಚಲಿನ ತೇವ ಸೇರಿಕೊಂಡರೆ ಲೇಪನ ಇನ್ನೂ ಬೇಗ ಸವೆಯುತ್ತೆ. ವರ್ಷಗಳು ಕಳೆದಂತೆ 0.47 ಇದ್ದದ್ದು 0.2ಕ್ಕೆ ಇಳಿದರೆ ಬರೋ ಕರೆಂಟ್ 14-15 ಮಿಲಿಆಂಪ್ ಮಾತ್ರ. ರಿಲೇ ಎಳೆದ ತಕ್ಷಣ ವೋಲ್ಟೇಜ್ ಕುಸಿಯುತ್ತೆ, ರಿಲೇ ಬಿಡುತ್ತೆ, ವೋಲ್ಟೇಜ್ ಮತ್ತೆ ಏರುತ್ತೆ, ರಿಲೇ ಮತ್ತೆ ಎಳೆಯುತ್ತೆ. ಆ ಟಕ್ ಟಕ್ ಸದ್ದು ಇದೇ. ಹೊರಗಿಂದ ನೋಡಿದ್ರೆ ಕೆಪಾಸಿಟರ್ ಹೊಸದರ ಹಾಗೇ ಇರುತ್ತೆ. ಹಾಗಾಗಿ ಕಣ್ಣಲ್ಲಿ ನೋಡಿ ‘ಇದು ಚೆನ್ನಾಗಿದೆ’ ಅನ್ನೋ ಮೆಕ್ಯಾನಿಕ್ ಮಾತು ನಂಬೋಕಾಗಲ್ಲ. ಬೋರ್ಡಿನಿಂದ ಬಿಡಿಸಿ, ಕೆಪಾಸಿಟನ್ಸ್ ಅಳೆಯೋ ಮಲ್ಟಿಮೀಟರ್‌ನಲ್ಲಿ ನೋಡಬೇಕು. ವೈಫೈ ಬಾಕ್ಸ್‌ಗಳಲ್ಲಿ ಬೇರೆ ಥರದ ಸಪ್ಲೈ ಇರೋದೇ ಹೆಚ್ಚು. ಅಲ್ಲಿ ಮೊದಲು ನೋಡಬೇಕಾದ್ದು ಉರುಳೆಯಾಕಾರದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಕೆಟ್ಟಿದ್ರೆ ಹಲವು ಸಲ ಅದರ ತಲೆ ಉಬ್ಬಿರುತ್ತೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ ಈ ಬೋರ್ಡ್ ಮೇಲೆ ‘5 ವೋಲ್ಟ್’ ಅಂತ ಬರೆದಿರೋ ಜಾಗ ಮುಟ್ಟಿದರೂ ಶಾಕ್ ಹೊಡೆಯುತ್ತೆ. ಯಾಕಂದ್ರೆ ಇಡೀ ಬೋರ್ಡ್ ನೇರವಾಗಿ ಮನೆ ಲೈನಿಗೇ ಸೇರಿಕೊಂಡಿರುತ್ತೆ. ಕರೆಂಟ್ ಇರುವಾಗ ಬಾಕ್ಸ್ ಬಿಚ್ಚಿ ಮೀಟರ್ ಇಡೋ ಸಾಹಸ ಮನೆಯವರಿಗೆ ಬೇಡವೇ ಬೇಡ. ರಿಮೋಟ್‌ನಲ್ಲಿ ಆಫ್ ಮಾಡಿದ್ದನ್ನ ಆಫ್ ಅಂತ ಲೆಕ್ಕ ಹಾಕಬೇಡಿ. ಗೀಸರ್‌ನ ಎಂಸಿಬಿ ಕೆಳಗಿಳಿಸಿ, ಟೆಸ್ಟರ್‌ನಲ್ಲಿ ಪರೀಕ್ಷಿಸಿ, ಕೆಪಾಸಿಟರ್ ಚಾರ್ಜ್ ಇಳಿಯೋಕೆ ಕೆಲವು ನಿಮಿಷ ಬಿಟ್ಟು, ಆಮೇಲೆ ಬಾಕ್ಸ್ ಕಳಚಿ ಅಂಗಡಿಗೆ ಒಯ್ಯಿರಿ. ಎಂಸಿಬಿ ಯಾವುದು ಅಂತ ಗೊತ್ತಿಲ್ಲದವರು ಈ ಕೆಲಸವನ್ನೂ ಎಲೆಕ್ಟ್ರಿಷಿಯನ್‌ಗೇ ಬಿಡಿ. ಬೆಸುಗೆ ಹಾಕೋದು ಕೈಗೆ ಬಂದವರ ಕೆಲಸ. ವಾರಂಟಿ ಇನ್ನೂ ಇದ್ರೆ ಸ್ಕ್ರೂ ಕೂಡ ಮುಟ್ಟಬೇಡಿ.

ಬಿಡಿಭಾಗಕ್ಕೆ ಎಸ್‌ಪಿ ರೋಡ್ ಇದ್ದೇ ಇದೆ. ರಾಜಾಜಿನಗರದವರಿಗೆ ಹಸಿರು ಮಾರ್ಗದ ಮೆಟ್ರೊ ನೇರವಾಗಿ ಚಿಕ್ಕಪೇಟೆಗೆ ಬಿಡುತ್ತೆ. ವಿಜಯನಗರ, ಕೆಂಗೇರಿ ಕಡೆಯವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಹಳೇ ಕೆಪಾಸಿಟರ್ ಜೇಬಲ್ಲಿಟ್ಟುಕೊಂಡು ಹೋಗಿ. ಅದರ ಮೇಲೆ 474 ಅಂತಿದ್ರೆ 0.47, 684 ಅಂತಿದ್ರೆ 0.68, 105 ಅಂತಿದ್ರೆ 1 ಮೈಕ್ರೋಫ್ಯಾರಡ್. ಅದೇ ಬೆಲೆಯದ್ದು, 275 ವೋಲ್ಟ್ ಎಸಿ, ಎಕ್ಸ್2 ಅಂತಲೇ ಕೇಳಿ. ‘ಇದೂ ನಡೆಯುತ್ತೆ’ ಅಂತ ಡಿಸಿ ಲೆಕ್ಕದ ಮಾಮೂಲಿ ಕೆಪಾಸಿಟರ್ ಕೊಟ್ರೆ ತಗೋಬೇಡಿ. ಅದು ಶಾರ್ಟ್ ಆದ್ರೆ ಬಾಕ್ಸ್‌ಗೇ ಬೆಂಕಿ.

ಇನ್ನೊಂದು ಕಾಯಿಲೆ ಇದಕ್ಕೆ ಪೂರ್ತಿ ಉಲ್ಟಾ. ಗೀಸರ್ ಆನ್ ಆಗುತ್ತೆ, ಆಫ್ ಆಗಲ್ಲ. 2 ಕಿಲೋವಾಟ್ ಗೀಸರ್ ಸುಮಾರು 8.7 ಆಂಪ್ ಎಳೆಯುತ್ತೆ, 3 ಕಿಲೋವಾಟ್‌ನದ್ದು 13 ಆಂಪ್. ರಿಲೇ ಮೇಲೆ 10 ಆಂಪ್ ಅಂತ ಬರೆದಿದ್ರೆ ಮೊದಲನೆಯದಕ್ಕೇ ಉಸಿರು ಕಟ್ಟುತ್ತೆ, ಎರಡನೆಯದಕ್ಕೆ ಸಾಲೋದೇ ಇಲ್ಲ. ಒಳಗಿನ ಕಾಂಟ್ಯಾಕ್ಟ್ ಕಾದು ಕಾದು ಒಂದಕ್ಕೊಂದು ಅಂಟಿಕೊಳ್ಳುತ್ತೆ. ಪಿಜಿ, ಸಲೂನ್‌ಗಳಲ್ಲಿ ದಿನಕ್ಕೆ ಹತ್ತಾರು ಸಲ ಆನ್-ಆಫ್ ಆಗೋದರಿಂದ ಇದು ಇನ್ನೂ ಬೇಗ. ಕಳಚಿದ ರಿಲೇಯ ಗೀಸರ್ ಕಡೆಯ ಎರಡು ಪಿನ್‌ಗಳಿಗೆ ಮೀಟರ್ ಇಟ್ಟಾಗ ಬೀಪ್ ಬಂದ್ರೆ ಅಂಟಿದೆ ಅಂತಲೇ ಅರ್ಥ. ಆಗ ಕನಿಷ್ಠ 16 ಆಂಪ್‌ನ, ಅದೇ ಕಾಯಿಲ್ ವೋಲ್ಟೇಜ್‌ನ ರಿಲೇ ಹಾಕಿಸಿ. 3 ಕಿಲೋವಾಟ್ ಗೀಸರ್ ಇದ್ದು ಬಾಕ್ಸೇ 10 ಆಂಪ್‌ನದ್ದಾಗಿದ್ರೆ ರಿಪೇರಿಯ ಆಸೆ ಬಿಟ್ಟು ಸರಿಯಾದ ಬಾಕ್ಸ್ ತರೋದೇ ಜಾಣತನ.

ರಿಲೇ ಅಂಟಿದರೂ ಗೀಸರ್ ತಕ್ಷಣ ಸಿಡಿಯಲ್ಲ. ಅದರೊಳಗೆ ಸ್ವಂತ ಥರ್ಮೋಸ್ಟಾಟ್, ಮೇಲೆ ಥರ್ಮಲ್ ಕಟೌಟ್, ಹೊರಗೆ ಪ್ರೆಶರ್ ವಾಲ್ವ್ ಕಾಯ್ತಿರುತ್ತವೆ. ಇವುಗಳಲ್ಲಿ ಯಾವುದನ್ನಾದ್ರೂ ‘ಡೈರೆಕ್ಟ್’ ಮಾಡೋಣ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಆದರೆ ಬಿಲ್ ಸಿಡಿಯುತ್ತೆ. 2 ಕಿಲೋವಾಟ್ ಕಾಯಿಲ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ನೀರು ಆರಿದಾಗಲೆಲ್ಲ ಗೀಸರ್ ತಾನಾಗೇ ಮತ್ತೆ ಉರಿಯುತ್ತೆ, ಹಗಲು ರಾತ್ರಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿದ ನಾಲ್ಕು ಯೂನಿಟ್‌ಗೆ ಮಾತ್ರ ಅಲ್ಲ. 180-190ರ ಆಸುಪಾಸಿನಲ್ಲಿ ತಿಂಗಳು ಮುಗಿಸೋ ಮನೆಗೆ ಅಂಟಿದ ಒಂದು ರಿಲೇ ಸಾಕು. ರಿಮೋಟ್‌ನಲ್ಲಿ ಆಫ್ ಮಾಡಿದ ಮೇಲೂ ಗೀಸರ್ ದೀಪ ಆಗಾಗ ಹತ್ತಿ ಆರುತ್ತಿದ್ಯಾ ಅಂತ ಒಂದು ದಿನ ಗಮನಿಸಿ.

ಬಾಕ್ಸ್ ಅಂಗಡಿಯಲ್ಲಿರೋ ಎರಡು ಮೂರು ದಿನ ತಣ್ಣೀರು ಸ್ನಾನ ಮಾಡಬೇಕಿಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ, ಗೀಸರನ್ನ ಬಚ್ಚಲಿನ ಹೊರಗಿನ ಹಳೇ 16 ಅಥವಾ 20 ಆಂಪ್ ಸ್ವಿಚ್‌ಗೇ ನೇರವಾಗಿ, ಅರ್ಥ್ ವೈರ್ ಬಿಡದೇ, ಸೇರಿಸಿಕೊಳ್ಳಿ.