ಒಂದೇ ಪ್ಲಾಟ್‌ಫಾರ್ಮ್, ಎರಡು ಖಾಕಿ

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಖಾಕಿ ತೊಟ್ಟವರೆಲ್ಲ ಒಂದೇ ಇಲಾಖೆಯವರಲ್ಲ. ಆರ್‌ಪಿಎಫ್‌ನವರು, ಅಂದರೆ ರೈಲ್ವೆ ರಕ್ಷಣಾ ಪಡೆಯವರು, ಕೇಂದ್ರದವರು, ರೈಲ್ವೆ ಪೊಲೀಸರು ರಾಜ್ಯದವರು. ದೂರದ ರೈಲಿನಿಂದ ಅಪರಿಚಿತನ ಜೊತೆ ಅಂಜುತ್ತಾ ಇಳಿದ ಮಗುವನ್ನು ಆರ್‌ಪಿಎಫ್‌ನವರು ತಡೆದು ವಿಚಾರಿಸಬಹುದು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೊ ಕಾಯ್ದೆಯಡಿ ಎಫ್‌ಐಆರ್ ಹಾಕಿ ತನಿಖೆ ನಡೆಸುವುದು ಮಾತ್ರ ರಾಜ್ಯದ ಪೊಲೀಸರು. ಅಮೆರಿಕದಲ್ಲಿ ಇಂಥ ಕೃತ್ಯಕ್ಕೆ ರಾಜ್ಯದ್ದೇ ಒಂದು ಕಾನೂನು, ಫೆಡರಲ್ ಸರ್ಕಾರದ್ದೇ ಇನ್ನೊಂದು. ಕೋರ್ಟುಗಳೂ ಬೇರೆ ಬೇರೆ. ನಮ್ಮಲ್ಲಿ ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ, ಪೊಲೀಸ್ ವ್ಯವಸ್ಥೆ ರಾಜ್ಯ ಪಟ್ಟಿಯಲ್ಲಿದೆ. ಶಿಕ್ಷೆಯ ಅಳತೆ ದೆಹಲಿಯದು, ಸಾಕ್ಷಿ ಹುಡುಕುವ ದುಡಿಮೆ ಬೆಂಗಳೂರಿನದು.

ಕಾನೂನು ಇಲ್ಲಿಗೆ ಬಂದದ್ದು ನಿಧಾನವಾಗಿ. 1860ರ ದಂಡಸಂಹಿತೆ ಹೆಣ್ಣುಮಗುವಿಗೆ, ಒಪ್ಪಿಗೆ ಇತ್ತೇ ಎಂದು ಕೇಳದೆ, ಅತ್ಯಾಚಾರದಿಂದ ರಕ್ಷಣೆ ಕೊಟ್ಟದ್ದು ಹತ್ತು ವರ್ಷ ತುಂಬುವವರೆಗೆ ಮಾತ್ರ. ಕಲ್ಕತ್ತೆಯಲ್ಲಿ ಬಾಲವಧುವೊಬ್ಬಳು ಗಂಡನ ಕೃತ್ಯದಿಂದಲೇ ಸತ್ತ ಮೇಲೆ, 1891ರಲ್ಲಿ ಆ ಮಿತಿ ಹನ್ನೆರಡಕ್ಕೆ ಏರಿತು, ತಿಲಕರಂಥವರೇ ವಿರೋಧಿಸಿದ್ದರು. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ನಿಬಂಧನೆ ತಂದು, ಎಂಟು ತುಂಬದ ಹುಡುಗಿಯರ ಮದುವೆಯನ್ನೂ ಐವತ್ತು ದಾಟಿದವರು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ನಿಷೇಧಿಸಿತು. ಆದರೆ ಬೆಂಗಳೂರಿನ ಹಲಸೂರು, ಶಿವಾಜಿನಗರಗಳ ದಂಡು ಪ್ರದೇಶ 1947ರವರೆಗೂ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಒಂದೇ ಊರು, ಎರಡು ಆಡಳಿತ.

ಆಮೇಲೆ ವಯಸ್ಸಿನ ಮಿತಿ ಏರುತ್ತಾ ಹೋಯಿತು. ಅಪರಾಧದ ವ್ಯಾಖ್ಯಾನ ಮಾತ್ರ ನಿಂತಲ್ಲೇ ನಿಂತಿತು. ಅತ್ಯಾಚಾರದ ಕಲಂ ಗಂಡುಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವರಿಗೆ ಉಳಿದದ್ದು ‘ಅಸಹಜ’ ಲೈಂಗಿಕ ಕ್ರಿಯೆಯ 377ನೇ ಕಲಂ. ಈ ಕೊರತೆಯನ್ನು ಮೊದಲು ತುಂಬಲು ಹೊರಟದ್ದು ದೆಹಲಿಯಲ್ಲ, ಗೋವಾ. ಅನಾಥಾಲಯದ ಹೆಸರಿನಲ್ಲಿ ಹುಡುಗರನ್ನು ವಿದೇಶಿ ಗಿರಾಕಿಗಳಿಗೆ ಒಪ್ಪಿಸುತ್ತಿದ್ದ ಫ್ರೆಡ್ಡಿ ಪೀಟ್ಸ್ 1996ರಲ್ಲಿ ಶಿಕ್ಷೆಗೊಳಗಾದ. ಆ ಪ್ರಕರಣದ ನೆನಪು ಮಾಸುವ ಮುನ್ನ, 2003ರಲ್ಲಿ, ಆ ಪುಟ್ಟ ರಾಜ್ಯ ಮಕ್ಕಳಿಗಾಗಿಯೇ ಕಾಯ್ದೆ ಬರೆಯಿತು. ಮರುವರ್ಷ ಸುಪ್ರೀಂ ಕೋರ್ಟ್, ‘ಸಾಕ್ಷಿ’ ಸಂಸ್ಥೆಯ ಅರ್ಜಿಯಲ್ಲಿ, ಅತ್ಯಾಚಾರದ ವ್ಯಾಖ್ಯಾನ ಹಿಗ್ಗಿಸಲು ಒಪ್ಪದೆ ಆ ಕೆಲಸವನ್ನು ಸಂಸತ್ತಿಗೆ ಬಿಟ್ಟಿತು. 2007ರಲ್ಲಿ ಕೇಂದ್ರ ಸರ್ಕಾರದ ಅಧ್ಯಯನ ಹದಿಮೂರು ರಾಜ್ಯಗಳ ಮಕ್ಕಳನ್ನು ಮಾತನಾಡಿಸಿ, ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾರೆ ಎಂದಿತು. (ಆ ಹದಿಮೂರರಲ್ಲಿ ಕರ್ನಾಟಕ ಇರಲಿಲ್ಲ.) ಪೋಕ್ಸೊ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಹುಡುಗ, ಹುಡುಗಿ ಎಂಬ ಭೇದವಿಲ್ಲದೆ ಹದಿನೆಂಟರೊಳಗಿನವರೆಲ್ಲ ಅದರ ನೆರಳಿಗೆ ಬಂದರು.

2014ರ ಜುಲೈನಲ್ಲಿ ಬೈಯಪ್ಪನಹಳ್ಳಿಯಿಂದ ಹೆಚ್ಚು ದೂರವಿಲ್ಲದ ಮಾರತ್ತಹಳ್ಳಿ ಕಡೆಯ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆದ ಸುದ್ದಿ ಕೇಳಿ ಪೋಷಕರು ಬೀದಿಗಿಳಿದರು. ರಾಜ್ಯ ಸರ್ಕಾರ ಕೈಗೆತ್ತಿಕೊಂಡದ್ದು ತನ್ನ ಗೂಂಡಾ ಕಾಯ್ದೆಯನ್ನು: ಅದೇ ವರ್ಷ ಲೈಂಗಿಕ ದೌರ್ಜನ್ಯ ಎಸಗುವವರನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದಾದ ಕಾಯ್ದೆ ಅದು. ಜನರ ಸಿಟ್ಟಿಗೆ ತಕ್ಷಣದ ಉತ್ತರವಾಗಿರಬಹುದು, ಆದರೆ ಅಪರಾಧ ಸಾಬೀತುಪಡಿಸುವ ಕಷ್ಟದ ಕೆಲಸಕ್ಕೆ ಬದಲಿಯಲ್ಲ. ಬಾಲ್ಯವಿವಾಹಗಳನ್ನು ಮೂಲತಃ ಅಸಿಂಧು ಎಂದ ಕರ್ನಾಟಕದ 2016ರ ತಿದ್ದುಪಡಿಗೇ ನನ್ನ ಹೆಚ್ಚು ಅಂಕ. ಹದಿನೆಂಟರೊಳಗಿನ ಹೆಂಡತಿಯ ಮೇಲೆ ಗಂಡ ಎಸಗುವ ಕೃತ್ಯವೂ ಅತ್ಯಾಚಾರವೇ ಎಂದು 2017ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಈ ತಿದ್ದುಪಡಿ ಬೇರೆ ರಾಜ್ಯಗಳಿಗೂ ಮಾದರಿ ಎಂದು ಎತ್ತಿ ತೋರಿಸಿತು.

2019ರ ತಿದ್ದುಪಡಿಯಲ್ಲಿ ಪೋಕ್ಸೊ ಶಿಕ್ಷೆ ಹೆಚ್ಚಿತು. ಒಳಪ್ರವೇಶದ ಲೈಂಗಿಕ ದೌರ್ಜನ್ಯದಲ್ಲಿ, ಸಂತ್ರಸ್ತ ಮಗುವಿಗೆ ಹದಿನಾರು ತುಂಬಿರದಿದ್ದರೆ, ಕನಿಷ್ಠ 20 ವರ್ಷ. ಅದರ ಗುರುತರ ಪ್ರಕರಣಗಳಲ್ಲಿ ಮರಣದಂಡನೆಯವರೆಗೂ. ಒಂದೇ ಕೃತ್ಯ ಪೋಕ್ಸೊಗೂ ಈಗಿನ ಭಾರತೀಯ ನ್ಯಾಯ ಸಂಹಿತೆಗೂ ಸಿಕ್ಕಿಬಿದ್ದರೆ, ಪೋಕ್ಸೊದ 42ನೇ ಕಲಂ ಪ್ರಕಾರ ಯಾವುದರ ಶಿಕ್ಷೆ ಹೆಚ್ಚೋ ಅದು ಅನ್ವಯ. ಶಿಕ್ಷೆ ಏರಿಸುವುದು ಸುಲಭ. ಸಾಧ್ಯವಾದಷ್ಟು ಮಟ್ಟಿಗೆ ವರ್ಷದೊಳಗೆ ವಿಚಾರಣೆ ಮುಗಿಸಬೇಕೆನ್ನುವ 35ನೇ ಕಲಂ ಪಾಲಿಸುವುದೇ ಹೆಣಗಾಟ.

ಮೊಬೈಲ್ ಬಂದ ಮೇಲೆ ನ್ಯಾಯಾಲಯಗಳೂ ತಡವರಿಸಿವೆ. ಮಕ್ಕಳ ಅಶ್ಲೀಲ ದೃಶ್ಯಗಳನ್ನು ಬರೀ ನೋಡುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧವಲ್ಲವೆಂದು 2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಪ್ರಕರಣವೊಂದನ್ನು ರದ್ದುಪಡಿಸಿತು. ಆ ಕಲಮಿನ ಒಂದು ಉಪಭಾಗ ಗಮನದಿಂದ ತಪ್ಪಿಹೋಗಿತ್ತೆಂದು ಕೆಲವೇ ದಿನಗಳಲ್ಲಿ ತನ್ನ ಆದೇಶವನ್ನು ತಾನೇ ಹಿಂಪಡೆಯಿತು. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಮದ್ರಾಸ್ ಹೈಕೋರ್ಟಿನ ಇಂಥದೇ ತೀರ್ಪನ್ನು ತಳ್ಳಿಹಾಕಿತು. ಹಂಚುವ ಉದ್ದೇಶದಿಂದ ಅಂಥ ದೃಶ್ಯ ಇಟ್ಟುಕೊಳ್ಳುವುದೇ ಶಿಕ್ಷಾರ್ಹ. ಆ ಉದ್ದೇಶವನ್ನು, ಅಳಿಸದೆ, ದೂರನ್ನೂ ಕೊಡದೆ ಸುಮ್ಮನಿದ್ದ ನಡವಳಿಕೆಯಿಂದಲೂ ಅಳೆಯಬಹುದು ಎಂದಿತು.

ಇಷ್ಟೆಲ್ಲದರ ನಡುವೆ ಪ್ರಯಾಣಿಕರಿಗೂ ಪೋರ್ಟರ್‌ಗೂ ಚಹಾ ಮಾರುವವರಿಗೂ ನೇರವಾಗಿ ತಟ್ಟುವುದು ಪೋಕ್ಸೊದ 19ನೇ ಕಲಂ. ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ಗೊತ್ತಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಬಾಯಿಮುಚ್ಚಿಕೊಂಡರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾಗಿದ್ದು ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೇಳದೆ ಉಳಿದ ಮಗುವಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ. ಮಕ್ಕಳ ಸಹಾಯವಾಣಿ 1098.