ತೊಂಬತ್ತು ಸೆಕೆಂಡಿನ ಭಾಷಣಕ್ಕೆ ಅಡುಗೆಮನೆಯಲ್ಲೇ ತಾಲೀಮು!

“ಮೌಶಿ, ನಂಗ ಇಥಿಯೋಪಿಯಾ ಬಂದದ. ಈಗ ಹ್ಯಾಂಗ ಮಾಡ್ಲಿ?”

ಅಫಜಲಪುರ ತಾಲ್ಲೂಕಿನ ಅಕ್ಕನ ಮಗಳು ಕಲಬುರಗಿಯ ನಮ್ಮ ಮನೆಯಲ್ಲಿದ್ದು ಪಿಯುಸಿ ಓದುತ್ತಾಳೆ. ಅಂದು ಕಾಲೇಜಿನಿಂದ ಬಂದವಳ ಮುಖ ನೋಡಬೇಕಿತ್ತು, ಅಳುವುದೊಂದು ಬಾಕಿ! ವಿಷಯ ಇಷ್ಟೇ: ಕಾಲೇಜಿನಲ್ಲಿ ‘ಮಾಡೆಲ್ ಯುಎನ್’ ಸಮ್ಮೇಳನ. ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಲ್ಲಿ ಒಂದೊಂದನ್ನು ವಿದ್ಯಾರ್ಥಿಗಳಿಗೆ ಹಂಚುತ್ತಾರೆ. ಆ ದೇಶದ ಪ್ರತಿನಿಧಿಯಾಗಿ ಮಾತಾಡಬೇಕು, ಚರ್ಚಿಸಬೇಕು, ಕೊನೆಗೆ ನಿರ್ಣಯಕ್ಕೆ ಮತ ಹಾಕಬೇಕು.

ಇವಳಿಗೆ ಸಿಕ್ಕ ವಿಷಯ ನೈಲ್ ನದಿ ನೀರಿನ ಹಂಚಿಕೆ. ಮೇಲ್ಭಾಗದ ಇಥಿಯೋಪಿಯಾ 2011ರಲ್ಲಿ ಕಟ್ಟಲು ಶುರುಮಾಡಿದ ದೊಡ್ಡ ಅಣೆಕಟ್ಟು 2025ರಲ್ಲಿ ಉದ್ಘಾಟನೆಯಾಯಿತು. ಕೆಳಗಿನ ಈಜಿಪ್ಟ್‌ಗೆ ಅದೇ ಆತಂಕ.

ಹುಡುಗಿ ಹುಟ್ಟಿದ್ದು ಭೀಮಾ ದಂಡೆಯಲ್ಲಿ. ಭೀಮೆ ನಮ್ಮ ಕಡೆ ಬರುವ ಮೊದಲು ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲಿ ನಿಲ್ಲುತ್ತಾಳೆ. ಬೇಸಿಗೆಯಲ್ಲಿ ಬರೀ ಉಸುಕು ಕಂಡಿದ್ದಾಳೆ, 2020ರ ಅಕ್ಟೋಬರ್‌ನ ಮಹಾಪೂರವನ್ನೂ ಕಂಡಿದ್ದಾಳೆ. “ಮೇಲಿನವರು ನೀರು ಹಿಡಿದ್ರ ಕೆಳಗಿನವರ ಗತಿ ಏನಂತ ನಂಗ ಗೊತ್ತದ. ಅವರ ಪರ ನಾ ಮಾತಾಡೋದಾ?” ಎಂದಳು. ನ್ಯಾಯವಾದ ಪ್ರಶ್ನೆಯೇ. ಆದರೂ ಇಬ್ಬರೂ ಕೂತು ತಯಾರಿ ನಡೆಸಿದೆವು. ಆಗ ಕಲಿತದ್ದು ನಿಮ್ಮ ಮಕ್ಕಳಿಗೂ ಉಪಯೋಗವಾದೀತು.

ಮೊದಲು ಎರಡೂ ಕಡೆ ಓದಿಸಿ

ಇದು ಸ್ವಂತ ಅಭಿಪ್ರಾಯ ಹೇಳುವ ಸ್ಪರ್ಧೆಯಲ್ಲ. ಹಾಗಾಗಿ ‘ನಾನು’ ಎನ್ನದೆ ‘ನಮ್ಮ ದೇಶ’ ಎನ್ನುವುದು ಇಲ್ಲಿಯ ವಾಡಿಕೆ. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ತಮ್ಮ ದೇಶದ ವಾದ, ಬಲಕ್ಕೆ ಎದುರಿನವರ ವಾದ ಬರೆಯಲಿ. ಬಲಗಡೆ ಖಾಲಿ ಉಳಿದರೆ ತಯಾರಿ ಅರ್ಧವೇ ಆಗಿದೆ ಎಂದರ್ಥ.

ಮೊದಲ ವಾಕ್ಯದಲ್ಲೇ ವಿಷಯ ಬರಲಿ

‘ವೇದಿಕೆ ಮೇಲಿರುವ ಗಣ್ಯರೇ’ ಎಂದು ಎಲ್ಲರ ಹೆಸರು ಹೇಳುತ್ತಾ ಕೂತರೆ ಸಮಯ ಅಲ್ಲೇ ಮುಗಿಯುತ್ತದೆ. ಅಧ್ಯಕ್ಷರಿಗೊಂದು ವಂದನೆ ಸಾಕು. ‘ನೈಲ್ ಜೀವನದಿ’ ಎಂದು ಶುರುವಾಗಿದ್ದ ಇವಳ ಭಾಷಣವನ್ನು ಹೀಗೆ ಬದಲಿಸಿದೆವು: “1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ನೈಲ್ ನೀರನ್ನು ಹಂಚಿಕೊಂಡವು. ಆ ನೀರಿನ ಬಹುಪಾಲು ಹುಟ್ಟುವ ನಮ್ಮ ದೇಶಕ್ಕೆ ಆ ಒಪ್ಪಂದದಲ್ಲಿ ಪಾಲೇ ಇರಲಿಲ್ಲ.”

ಕೇಳುವುದು ಒಂದೇ ಇರಲಿ

ತೊಂದರೆ ಏನು, ಕಾರಣ ಏನು, ಏನಾಗಬೇಕು – ಈ ಮೂರು ಮೆಟ್ಟಿಲು ಸಾಕು. ಹತ್ತು ಬೇಡಿಕೆ ಇಟ್ಟರೆ ಒಂದೂ ನೆನಪುಳಿಯುವುದಿಲ್ಲ.

ಗಡಿಯಾರ ನೋಡಿ ಕತ್ತರಿಸಿ

ಸಾಮಾನ್ಯವಾಗಿ 60ರಿಂದ 90 ಸೆಕೆಂಡ್ ಕೊಡುತ್ತಾರೆ. ಸಮಾಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 120 ಇಂಗ್ಲಿಷ್ ಪದ. ಆದ್ದರಿಂದ 90 ಸೆಕೆಂಡಿಗೆ 160 ಪದ ಬರೆದರೆ ಉಸಿರಿಗೂ ಜಾಗ ಸಿಗುತ್ತದೆ. ನಾನು ರೊಟ್ಟಿ ಬಡಿಯುತ್ತಿದ್ದರೆ ಅವಳು ಮೊಬೈಲ್‌ನಲ್ಲಿ ಸಮಯ ಇಟ್ಟುಕೊಂಡು ನಿಂತೇ ಹೇಳುತ್ತಿದ್ದಳು. ಕೂತು ಓದಿದ್ದು ತಾಲೀಮಲ್ಲ!

ಮೊದಲು ಕನ್ನಡದಲ್ಲಿ ಹೇಳಿಸಿ

ಸಮ್ಮೇಳನ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ. ಇಂಗ್ಲಿಷ್ ಬಾಯಿಪಾಠ ಮಾಡಿದವರು ಒಂದು ಪದ ಮರೆತರೂ ನಿಂತುಬಿಡುತ್ತಾರೆ. ವಿಷಯ ಕನ್ನಡದಲ್ಲಿ ಅರಗಿದ್ದರೆ ಬೇರೆ ಪದ ತಾನಾಗಿ ಸಿಗುತ್ತದೆ. ತೊಗರಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡ ನಮ್ಮತ್ತೆ ಒಂದೇ ಮಾತು ಅಂದರು: “ಮಳಿ ಆಗ್ಲಿಲ್ಲಂದ್ರ ಕೆಳಗಿನವರಿಗೆ ನೀರು ಬಿಡ್ತೀರೋ ಇಲ್ಲೋ, ಅದನ್ನ ಮೊದಲ ಹೇಳು.” ಅವಳ ಹಾಳೆಯಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ! ಬರಗಾಲದಲ್ಲಿ ಎಷ್ಟು ನೀರು ಬಿಡಬೇಕೆಂದು ಎಲ್ಲ ದೇಶಗಳು ಕೂತು ನಿರ್ಧರಿಸುವ ಜಂಟಿ ಸಮಿತಿ ಬೇಕೆಂಬುದೇ ಆಮೇಲೆ ಅವಳ ಬೇಡಿಕೆಯಾಯಿತು.

ಪದ ಸಣ್ಣದಾದರೂ ಬೆಲೆ ದೊಡ್ಡದು

ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬರ್ಥದ ಪದವಿತ್ತು. ಅದು ‘ಎಲ್ಲ ಮಾನವರು’ ಎಂದಾಗಲು ಕಾರಣ ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಕೂಗಾಟಕ್ಕಿಂತ ಸರಿಯಾದ ಒಂದು ಪದ ಹೆಚ್ಚು ಕೆಲಸ ಮಾಡುತ್ತದೆಂದು ಮಕ್ಕಳಿಗೆ ಹೇಳಿ.

ನೆನಪಿಡಿ

* ಚೀಟಿಯಲ್ಲಿ ಮುಖ್ಯಾಂಶ ಮಾತ್ರ ಇರಲಿ, ಪೂರ್ತಿ ಭಾಷಣ ಬೇಡ.
* ಅಂಕಿ-ಅಂಶ ಒಂದೆರಡು ಸಾಕು, ಅವು ಸರಿಯಾಗಿರಲಿ.
* ಸಮಯ ಉಳಿದರೆ ಪ್ರಶ್ನೆಗಳಿಗೆ ಬಿಟ್ಟುಕೊಡಬಹುದು. ಉತ್ತರ ಗೊತ್ತಿದ್ದರೆ ಅದು ಲಾಭವೇ.
* ಮಕ್ಕಳ ಶಾಲೆಯಲ್ಲಿ ಮಾಡೆಲ್ ಯುಎನ್ ಇಲ್ಲವೇ? ಆಳಂದವಿರಲಿ, ಜೇವರ್ಗಿಯಿರಲಿ, ಅಣಕು ಸಂಸತ್ತಿಗೂ ಚರ್ಚಾಸ್ಪರ್ಧೆಗೂ ಇದೇ ತಾಲೀಮು ನಡೆಯುತ್ತದೆ.

ಅಂದ ಹಾಗೆ, ನಮ್ಮ ಹುಡುಗಿಗೆ ಬಹುಮಾನ ಬರಲಿಲ್ಲ. ಆದರೆ ಈಜಿಪ್ಟ್‌ನ ‘ಪ್ರತಿನಿಧಿ’ ಎದ್ದು ಕೇಳಿದ್ದು ನಮ್ಮತ್ತೆಯ ಅದೇ ಪ್ರಶ್ನೆ! ಇವಳು ತಡವರಿಸದೆ ಉತ್ತರಿಸಿದಳಂತೆ.

ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು: “ಮೌಶಿ, ಉಜನಿ ಕಡಿ ಮಂದಿಗೂ ಅವರದೇ ಒಂದು ಲೆಕ್ಕ ಇರ್ತದಲ್ಲ?”

ಆ ಪ್ರಶ್ನೆಗಿಂತ ದೊಡ್ಡ ಬಹುಮಾನ ಇನ್ನೇನು ಬೇಕು, ಹೇಳಿ?