ಇಲಿಯ ಸೀನು ಎಣಿಸುವುದು ಯಾಕೆ?

ಹೊಸಪೇಟೆಯಲ್ಲಿ ಯಾರಾದರೂ ಸಾಲಾಗಿ ಐದಾರು ಸಲ ಸೀನಿದರೆ "ಸಂಡೂರಿನ ಗಣಿ ಧೂಳು" ಎನ್ನುತ್ತೇವೆ. ನಮ್ಮ ಮನೆಯಲ್ಲಿ ಮೂಗಿನ ತೊಂದರೆಗೆಲ್ಲ ಒಂದೇ ಹೆಸರು, ನಜ್ಲಾ. ಆದರೆ ಧೂಳಿಗೆ ಮೂಗು ಕೆರಳುವುದು ಬೇರೆ, ಪರಾಗದ ಅಲರ್ಜಿ ಬೇರೆ. ಅಲರ್ಜಿಯಲ್ಲಿ ದೇಹವು ಹೂವಿನ ಪರಾಗವನ್ನು ಶತ್ರು ಎಂದು ತಿಳಿದು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಅದೇ ಪರಾಗ ಮತ್ತೆ ಮೂಗಿಗೆ ಹೋದಾಗ ಹಿಸ್ಟಮಿನ್ ಬಿಡುಗಡೆಯಾಗಿ ಸೀನು, ತುರಿಕೆ, ನೀರು ಸೋರುವುದು ಶುರುವಾಗುತ್ತದೆ.

ಕಂಪ್ಲಿಯ ಕಾಲುವೆ ದಂಡೆಯಲ್ಲೂ ಹಂಪಿಯ ದಾರಿಯಲ್ಲೂ ಮಳೆ ಬಿದ್ದ ಮೇಲೆ ಬಿಳಿ ಹೂ ಬಿಡುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ನಿಮಗೆಲ್ಲ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಗಿನ ಅಲರ್ಜಿಯ ರೋಗಿಗಳಲ್ಲಿ ನೂರಕ್ಕೆ 34 ಮಂದಿಯ ಚರ್ಮ ಈ ಗಿಡದ ಪರಾಗಕ್ಕೆ ಪ್ರತಿಕ್ರಿಯಿಸಿತ್ತು.

ಆದರೆ ನಾವು ಧೂಳು, ಹೊಗೆ, ಪರಾಗ ಎಲ್ಲವನ್ನೂ ಒಟ್ಟಿಗೇ ಉಸಿರಾಡುತ್ತೇವೆ. ಯಾವುದರಿಂದ ಏನಾಯಿತು ಎಂದು ಬಿಡಿಸಿ ನೋಡಲು ವಿಜ್ಞಾನಿಗಳು ಇಲಿ, ಗಿನಿಪಿಗ್‌ಗಳನ್ನು ಬಳಸುತ್ತಾರೆ.

ಇಲಿಗೆ ಸಾಮಾನ್ಯವಾಗಿ ಈ ಅಲರ್ಜಿ ತಾನಾಗಿ ಬರುವುದಿಲ್ಲ, ಬರಿಸಬೇಕು. ಪರಾಗದ ಸಾರವನ್ನು ಅಲ್ಯೂಮಿನಿಯಂ ಲವಣದ ಜೊತೆ ಬೆರೆಸಿ ಕೆಲವು ವಾರ ಹೊಟ್ಟೆಗೆ ಚುಚ್ಚುತ್ತಾರೆ. ಆಮೇಲೆ ಕೆಲವು ದಿನ ಅದೇ ಸಾರವನ್ನು ಮೂಗಿಗೆ ಹನಿ ಹಾಕುತ್ತಾರೆ. ಇನ್ನೊಂದು ಗುಂಪಿನ ಇಲಿಗಳಿಗೆ ಬರೀ ಉಪ್ಪುನೀರು. ಕೊನೆಗೆ ಕೆಲವು ನಿಮಿಷ ಕೂತು, ಪ್ರತಿ ಇಲಿ ಎಷ್ಟು ಸಲ ಸೀನಿತು, ಎಷ್ಟು ಸಲ ಮೂಗು ಉಜ್ಜಿತು ಎಂದು ಎಣಿಸುತ್ತಾರೆ. ರಕ್ತದಲ್ಲಿ ಐಜಿಇ ಅಳೆಯುತ್ತಾರೆ. ಮೂಗಿನ ಒಳಪದರ ಪರೀಕ್ಷಿಸಲು ಇಲಿಯನ್ನು ಕೊಲ್ಲುತ್ತಾರೆ.

ಕಾಮರ್ಸ್ ಓದುವ ನನಗೆ ಮುಖ್ಯ ಅನ್ನಿಸಿದ್ದು ಉಪ್ಪುನೀರಿನ ಗುಂಪು. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟಾಗ ಮಾತ್ರ ವ್ಯತ್ಯಾಸ ಪರಾಗದ್ದು ಎಂದು ಹೇಳಬಹುದು.

ಇದರಿಂದ ಲಾಭವಾಗಿದೆ. 1937ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್ ಮಾರಿ ಸ್ಟಾಬ್, ಹಿಸ್ಟಮಿನ್ ತಡೆಯುವ ಮೊದಲ ವಸ್ತುವನ್ನು ಗಿನಿಪಿಗ್‌ಗಳ ಮೇಲೆ ಪರೀಕ್ಷಿಸಿದರು. ಬೊವೆಗೆ 1957ರಲ್ಲಿ ನೊಬೆಲ್ ಬಂತು. ಇಂದು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸೆಟ್ರಿಜಿನ್ ಆ ಔಷಧಿಗಳ ವಂಶದ್ದೇ.

ಆದರೂ ಇಲಿ ಮನುಷ್ಯನಲ್ಲ. ಅದರ ಕಾಯಿಲೆ ಕೆಲವೇ ವಾರಗಳಲ್ಲಿ ಬರಿಸಿದ್ದು, ನಮ್ಮದು ವರ್ಷಗಟ್ಟಲೆ ಬೆಳೆದದ್ದು. "ಮೂಗು ಕಟ್ಟಿದೆ, ರಾತ್ರಿ ನಿದ್ದೆ ಇಲ್ಲ" ಎಂದು ಅದು ಹೇಳಲಾರದು. ಇಲಿಯಲ್ಲಿ ಗೆದ್ದ ಔಷಧಿ ಮನುಷ್ಯರಲ್ಲಿ ಸೋಲುವುದೂ ಉಂಟು.

ಮಾತು ಬಾರದ ಪ್ರಾಣಿಗಳನ್ನು ಉರ್ದುವಿನಲ್ಲಿ ಬೇಜುಬಾನ್ ಎನ್ನುತ್ತೇವೆ. ಅವುಗಳಿಗೆ ಅನಗತ್ಯ ನೋವು ಕೊಡಬಾರದೆಂದು ನಮ್ಮ ದೇಶದಲ್ಲಿ 1960ರ ಕಾಯ್ದೆ ಇದೆ. ಇಂಥ ಪ್ರಯೋಗಗಳಿಗೆ ಸಮಿತಿಯ ಒಪ್ಪಿಗೆ ಬೇಕು. 2023ರಲ್ಲಿ ಹೊಸ ಔಷಧಿಗಳ ನಿಯಮ ತಿದ್ದುಪಡಿಯಾಗಿ, ಮನುಷ್ಯರ ಜೀವಕೋಶಗಳ ಮೇಲಿನ ಪರೀಕ್ಷೆ, ಕಂಪ್ಯೂಟರ್ ಮಾದರಿಗಳಿಗೂ ಅವಕಾಶ ಸಿಕ್ಕಿದೆ. ಇಲಿಯಿಲ್ಲದೆ ಉತ್ತರ ಸಿಗುವ ಕಡೆ ಇಲಿಯನ್ನು ಬಿಟ್ಟುಬಿಡುವುದೇ ನ್ಯಾಯ ಎಂದು ನನ್ನ ಅಭಿಪ್ರಾಯ. ಬೇರೆ ದಾರಿಯೇ ಇಲ್ಲದ ಕಡೆ, ಅದರ ಒಂದೊಂದು ಸೀನನ್ನೂ ಸರಿಯಾಗಿ ಎಣಿಸಿರಬೇಕು.